ಚಿಪ್ಪಿನೊಳಗಿನ ಕಣಜ

ಆಗ ನನಗೆ ಎಪ್ಪತ್ತೆರಡು. ಮೂರು ವರ್ಷದ ಹಿಂದಿನ ಮಾತು. ಅಮೆರಿಕದ ಡೈಮಂಡ್ ಬಾರ್ ಎಂಬ ಊರಿನಲ್ಲಿರುವ ಮಗಳ ಮನೆಯ ಹಿತ್ತಲಲ್ಲಿ, ಬೇಲಿಗೆ ಒತ್ತಿಕೊಂಡಂತೆ ಒಂದು ಪೊದೆ ಕಬ್ಬು ಬೆಳೆಸಿದ್ದೆ. ಆ ಸಂಕ್ರಾಂತಿಗೆ ಮೊಮ್ಮಗಳಿಗೆ ಮೊದಲ ಸಲ ಎಲಚಿ ಹಣ್ಣು ಎರೆಯುವುದಿತ್ತು. ಹಣ್ಣಿನ ಜೊತೆ ಕಬ್ಬಿನ ಚೂರನ್ನೂ ಮಗುವಿನ ತಲೆಯ ಮೇಲೆ ಸುರಿಯುತ್ತೇವೆ. ಎಲಚಿ ಕೊರಿಯನ್ ಅಂಗಡಿಯಲ್ಲಿ ಒಣಗಿದ್ದು ಸಿಗುತ್ತದೆ. ಅಲ್ಲಿ ಕಬ್ಬೂ ಸಿಗುತ್ತದೆ, ನನಗೆ ಬೇಡ. ಆ ವರ್ಷವೂ ಮುಂದಿನ ವರ್ಷಗಳಲ್ಲೂ ನಾನು ಬೆಳೆದದ್ದೇ ಆಗಬೇಕು.

ಹಬ್ಬದ ಹಿಂದಿನ ದಿನ ಒಣಗರಿ ಸುಲಿದು ನೋಡಿದರೆ, ಗಿಣ್ಣಿನ ಸುತ್ತ ಬೂದು ಬಣ್ಣದ ಚಿಪ್ಪುಗಳು ಕಜ್ಜಿಯ ಹಾಗೆ ಎದ್ದಿದ್ದವು. ಉಗುರಿನಲ್ಲಿ ಕೆರೆದರೆ ಕೆಳಗೆ ಹಳದಿ ಹುಳು. ಅಲ್ಲಾಡುವುದಿಲ್ಲ, ಕೂತಲ್ಲೇ ರಸ ಹೀರುತ್ತದೆ. ಬಿಟ್ಟರೆ ಪೊದೆ ಒಣಗುತ್ತದೆ. ಗರಾಜಿನಿಂದ ಗುಲಾಬಿಗೆ ಹೊಡೆಯುವ ಸ್ಪ್ರೇ ತಂದೆ.

ಬೇಲಿಯಾಚೆ ಪಕ್ಕದ ಮನೆಯಾಕೆ ನಿಂತಿದ್ದರು. ಮೈಸೂರಿನ ಮುಸ್ಲಿಂ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವರು.

"ಅಕ್ಕ, ಅದನ್ನ ಹೊಡೆದು ನಾಳೆ ಪಾಪು ತಲೆ ಮೇಲೆ ಹಾಕ್ತೀರಾ? ಬಾಯಿಗೆ ಇಟ್ಕೊಂಡ್ರೆ?"

"ತೊಳೀತೀನಿ ಕಣಮ್ಮ."

"ತೊಳೀಬೇಕಾದ್ದು ನಿಮ್ಮ ಬುದ್ಧಿನ."

ಸೂಜಿಗೆ ದಾರ ಪೋಣಿಸುವಾಗ ಬಳಸುವ ಭೂತಗನ್ನಡಿ ಹಿಡಿದುಕೊಂಡು ಈ ಕಡೆ ಬಂದರು. ಕಬ್ಬಿಗೆ ಕಣ್ಣು ಹತ್ತಿಸಿ ನೋಡಿದರು.

"ಚಿಪ್ಪಿಗೆ ತೂತು ಇದೆ ನೋಡಿ. ನನ್ನ ನಿಂಬೆ ಗಿಡಕ್ಕೂ ಹೀಗೇ ಆಗಿತ್ತು. ನರ್ಸರಿಯವನು ಔಷಧಿ ಕೊಡಲೇ ಇಲ್ಲ. ಕಣಜ ಬಂದಿದೆ, ಅದೇ ತಿನ್ನುತ್ತೆ, ಹೊಡೆದ್ರೆ ಅದೂ ಸಾಯುತ್ತೆ ಅಂದ."

"ಕಣಜ ಕಚ್ಚಿದ್ರೆ?"

"ಸಾಸಿವೆಗಿಂತ ಚಿಕ್ಕದು ಅಕ್ಕ. ಕಚ್ಚೋ ಬಾಯಿ ಇರೋದು ನಿಮಗೆ."

ಕಣಜ ಚಿಪ್ಪಿನೊಳಗೆ ಮೊಟ್ಟೆ ಇಡುತ್ತದಂತೆ. ಅದರ ಮರಿ ಒಳಗಿನ ಹಳದಿ ಹುಳುವನ್ನು ತಿಂದು, ಬೆಳೆದು, ಚಿಪ್ಪು ಕೊರೆದು ಹೋಗುತ್ತದಂತೆ. ನಾನು ನಂಬಲಿಲ್ಲ. ಪಿನ್ನು ತಂದು ನಾನೇ ಎಬ್ಬಿಸಿ ನೋಡಿದೆ. ತೂತಿದ್ದ ಚಿಪ್ಪಿನಡಿ ಬರೀ ಒಣ ತೊಗಲು. ತೂತಿಲ್ಲದ ಒಂದರಲ್ಲಿ ಹುಳುವಿನ ಜಾಗದಲ್ಲಿ ಬೇರೆಯದೇ ಮರಿ, ಕಣ್ಣು ಮೂಡಿತ್ತು. ಇನ್ನು ಕೆಲವು ಚಿಪ್ಪುಗಳಲ್ಲಿ ಹಳದಿ ಹುಳು ಗಟ್ಟಿಮುಟ್ಟಾಗಿ ಕೂತಿತ್ತು.

"ಪೊದೆ ಉಳಿಯುತ್ತಾ?" ಎಂದೆ.

"ನಿಂಬೆ ಉಳೀತು. ಕಬ್ಬಿನ ವಿಷಯ ನನಗೇನು ಗೊತ್ತು."

ಸ್ಪ್ರೇ ಗರಾಜಿಗೆ ಹೋಯಿತು.

ಮರುದಿನ ಬೆಳಿಗ್ಗೆ ಎರಡು ಜಲ್ಲೆ ಕಡಿದೆ. ದಪ್ಪಗೆ ಸಿಪ್ಪೆ ಹೆರೆದು, ತೊಳೆದು, ಚೂರು ಮಾಡಿದೆ. ಸಿಪ್ಪೆಯನ್ನು ಕಸದ ಬಿನ್ನಿಗೆ ಹಾಕಲಿಲ್ಲ. ಒಳಗಿರುವ ಕಣಜದ ಮರಿಗಳು ಹೊರಗೆ ಬರಲಿ ಎಂದು ಪೊದೆಯ ಬುಡಕ್ಕೇ ಸುರಿದು ಬಂದೆ.