ಗಾಜಿನ ಮೀನು ಮತ್ತು ಮಾಳಿಗೆಯ ಮೇಲಿನ ಬಕೆಟ್

ನಾನು ಶಹಾಪುರದಲ್ಲಿ ಆಶಾ ಕಾರ್ಯಕರ್ತೆ. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಜನ ಬ್ಯಾರಲ್, ಹಂಡೆ, ಕೊಡ, ಕೊನೆಗೆ ಹಿಟ್ಟು ನಾದುವ ಪರಾತವನ್ನೂ ತುಂಬಿಟ್ಟುಕೊಳ್ಳುತ್ತಾರೆ. ಆ ನೀರಿನಲ್ಲಿ ಸೊಳ್ಳೆ ಮರಿ ಮಾಡಿದೆಯೇ ಎಂದು ಮನೆಮನೆಗೆ ಹೋಗಿ ಟಾರ್ಚ್ ಹಾಕಿ ನೋಡುವುದು ನನ್ನ ಕೆಲಸಗಳಲ್ಲೊಂದು. ಹುಳ ಕಂಡರೆ ನೀರು ಚೆಲ್ಲಿಸಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಕತ್ತರಿ ಗುರುತು ಹಾಕುತ್ತೇನೆ. ನಾಲ್ಕು ದಿನಕ್ಕೆಂದು ಕೂಡಿಟ್ಟ ನೀರನ್ನು ಚೆಲ್ಲು ಅಂದರೆ ಯಾರು ಸುಮ್ಮನೆ ಚೆಲ್ಲುತ್ತಾರೆ? ಅದಕ್ಕೇ ನನ್ನ ಬಾಯಿ ಜೋರು. ಮೊದಲೂ ಜೋರೇ ಇತ್ತು ಎಂದು ನನ್ನ ಗಂಡನ ವಾದ.

ದಿನವಿಡೀ ಬೇರೆಯವರ ನೀರು ಇಣುಕಿ ಸಾಕಾಗಿ, ನೋಡಿದರೆ ಸಿಟ್ಟು ಬರದಂಥ ಒಂದಿಷ್ಟು ನೀರು ನನ್ನ ಮನೆಯಲ್ಲೂ ಇರಲಿ ಅನ್ನಿಸಿತು. ಯಾದಗಿರಿಯ ಅಂಗಡಿಯೊಂದರಲ್ಲಿ ಗ್ಲಾಸ್ ಕ್ಯಾಟ್‌ಫಿಶ್ ಕಂಡೆ. ಬೆರಳುದ್ದದ ಮೀನು, ಎರಡು ಮೀಸೆ, ಮೈಯೆಲ್ಲ ಗಾಜು. ಒಳಗಿನ ಮುಳ್ಳು ಎಣಿಸಬಹುದು, ಆಚೆಗಿನ ಗಿಡವೂ ಕಾಣುತ್ತದೆ. ಮನಸ್ಸು ಸೋತಿತು. ಆರು ಮೀನನ್ನು ನೀರಿನ ಚೀಲದಲ್ಲಿ ಕಟ್ಟಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತ ಹೆಂಗಸು ಚೀಲಕ್ಕೆ ಕಣ್ಣು ಹಚ್ಚಿ ನೋಡಿ, "ಯಾರೋ ತಿಂದು ಬಿಟ್ಟ ಮೀನು ಕಟ್ಟಿ ಕೊಟ್ಟಾರಲ್ಲವ್ವ ನಿನಗ. ಬರೇ ಮುಳ್ಳ ಅದಾವ," ಅಂದಳು. ಭೀಮಾ ಸೇತುವೆ ದಾಟಿ ಬಹಳ ದೂರ ಬಂದರೂ ಬಸ್ಸಿನವರ ನಗು ನಿಲ್ಲಲಿಲ್ಲ.

ಮನೆಗೆ ಬಂದು ಗಾಜಿನ ತೊಟ್ಟಿ ಸೇರಿದ ಮೀನುಗಳು ಉಪವಾಸ ಹಿಡಿದವು. ಡಬ್ಬಿಯ ಒಣ ಆಹಾರ ಹಾಕಿದರೆ ಅದು ತಳ ಸೇರುತ್ತಿತ್ತು. ಅವು ಗಿಡದ ಹಿಂದೆ ಸಾಲಾಗಿ ನಿಂತೇ ಇರುತ್ತಿದ್ದವು, ಅತ್ತ ಮೂಗೂ ತೋರಿಸುತ್ತಿರಲಿಲ್ಲ. ಐದನೆಯ ದಿನ ಒಂದು ಮೀನು ಹಾಲಿನಂತೆ ಬೆಳ್ಳಗಾಗಿ ಮಗುಚಿ ಬಿತ್ತು. ನಾನು ಅತ್ತುಬಿಟ್ಟೆ. ಓಣಿಯಲ್ಲಿ ಎಲ್ಲರನ್ನೂ ಅಳಿಸುವವಳು ಒಂದು ಮೀನಿಗೆ ಅಳುವುದನ್ನು ನೋಡಿ ಗಂಡ ಚಹಾ ಮಾಡಿಕೊಟ್ಟ. ಅಂಗಡಿಯವನಿಗೆ ಫೋನು ಹಚ್ಚಿದೆ.

"ಜೀವ ಇರೋ ಹುಳ ಹಾಕ್ರಿ ಮೇಡಂ. ಸೊಳ್ಳಿ ಮರಿ ಸಿಕ್ರ ಭಾಳ ಚಲೋ," ಅಂದ. ತಾನು ಯಾರಿಗೆ ಹೇಳುತ್ತಿದ್ದೇನೆಂದು ಪಾಪ ಅವನಿಗೆ ಗೊತ್ತಿರಲಿಲ್ಲ.

ಮರುದಿನವೇ ಮೂಲೆಮನೆಯ ಆಯಿಯ ಬ್ಯಾರಲ್‌ನಲ್ಲಿ ಹುಳ ಸಿಕ್ಕವು. ಆಯಿ ಭೀಮಾ ದಂಡೆಯ ಮೀನುಗಾರರ ಮನೆಯ ಮಗಳು, ಈಗಲೂ ಸಂತೆಯಲ್ಲಿ ಒಣಮೀನು ಮಾರುತ್ತಾಳೆ. ನಾನು ಎಂದಿನಂತೆ ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. "ಎಷ್ಟ್ ಸಲ ಹೇಳಬೇಕ ಆಯಿ ನಿನಗ? ಮಂದಿ ಮಕ್ಕಳು ಜ್ವರ ಬಂದು ಮಲಗಲಿ ಅಂತೀಯೇನು?" ಗೋಡೆಗೆ ಕತ್ತರಿ ಗುರುತು ಬಿತ್ತು. ಆದರೆ ಚೆಲ್ಲುವ ಮೊದಲು ಒಂದು ತಂಬಿಗೆ ನೀರನ್ನು ಸೆರಗಿನ ಮರೆಯಲ್ಲಿ ಮನೆಗೆ ತಂದೆ.

ಆ ಹುಳಗಳು ನೀರಿನಲ್ಲಿ ಕುಣಿಯುತ್ತ ಇಳಿದದ್ದೇ ತಡ, ಐದೂ ಮೀನು ಗಿಡದ ಹಿಂದಿನಿಂದ ಹೊರಬಿದ್ದವು. ತಲೆಯ ಹಿಂದಿನ ಬೆಳ್ಳಿ ಚೀಲದಂಥ ಹೊಟ್ಟೆ ದುಂಡಗಾಯಿತು. ನನಗಾದ ಖುಷಿ ಅಷ್ಟಿಷ್ಟಲ್ಲ.

ತೊಂದರೆ ಶುರುವಾದದ್ದು ಆಮೇಲೆ. ನನ್ನ ಬಾಯಿಗೆ ಅಂಜಿ ಇಡೀ ಓಣಿ ಬ್ಯಾರಲ್ ತಿಕ್ಕಿ ಮುಚ್ಚಿಟ್ಟಿತ್ತು. ಮನೆಮನೆಗೂ ಟಾರ್ಚ್ ಹಿಡಿದು ಹೋದೆ. ಒಂದು ಹುಳ ಇಲ್ಲ. ಇಷ್ಟು ವರ್ಷ ಬಯಸಿದ್ದು ಆ ವಾರ ಸಿಕ್ಕಿತು, ನಾನು ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದೆ.

ಕೊನೆಗೆ ನಮ್ಮ ಮಾಳಿಗೆಯ ಮೇಲೆ, ನೀರಿನ ಟಾಕಿಯ ಹಿಂದೆ, ಒಂದು ಬಕೆಟ್ ನೀರು ತೆರೆದಿಟ್ಟೆ. ಹುಳ ಮೂಡಿದ ಮೇಲೆ ಒಂದು ಸೊಳ್ಳೆಯೂ ಹಾರದಂತೆ ಬಕೆಟ್ಟಿನ ಬಾಯಿಗೆ ಹಳೆ ಸೀರೆಯ ತುಂಡು ಬಿಗಿದೆ. ತಪ್ಪೆಂದು ಗೊತ್ತಿತ್ತು. ಆ ಬಟ್ಟೆ ನೋಡಿ ನೋಡಿ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಆಯಿಯದು ತಗಡಿನ ಮನೆ. ಮೆಣಸಿನಕಾಯಿ ಒಣಹಾಕಲು ಅವಳು ನಮ್ಮ ಮಾಳಿಗೆಗೇ ಬರುತ್ತಾಳೆ ಎಂಬುದನ್ನು ನಾನು ಹೇಗೆ ಮರೆತೆನೋ ಗೊತ್ತಿಲ್ಲ. ಒಂದು ಬೆಳಿಗ್ಗೆ ಬಕೆಟ್ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ನೇರ ಓಣಿಯ ನಡುವೆ ಇಟ್ಟು ಬಟ್ಟೆ ಬಿಚ್ಚಿದಳು.

"ಎಷ್ಟ್ ಸಲ ಹೇಳಬೇಕ ತಂಗಿ ನಿನಗ?" ನನ್ನದೇ ಧಾಟಿ, ನನ್ನದೇ ಜೋರು. "ಮಂದಿ ಮಕ್ಕಳು ಜ್ವರ ಬಂದು ಮಲಗಲಿ ಅಂತೀಯೇನು?"

ಬಾಗಿಲಿಗೊಬ್ಬರಂತೆ ಹೆಂಗಸರು ನಿಂತಿದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆಯಿ ಕೈ ಚಾಚಿದಳು. "ಖಡು ತಾ." ಚೀಲದಿಂದ ಸೀಮೆಸುಣ್ಣ ತೆಗೆದುಕೊಟ್ಟೆ. ನಮ್ಮ ಗೋಡೆಯ ಮೇಲೆ ಮೊಳದುದ್ದದ ಕತ್ತರಿ ಗುರುತು ಎಳೆದಳು. ನಾನು ಎಂದೂ ಅಷ್ಟು ದೊಡ್ಡದು ಹಾಕಿದವಳಲ್ಲ.

ಬಕೆಟ್ ನಾನೇ ಚೆಲ್ಲಿದೆ, ಎಲ್ಲರ ಎದುರಿಗೆ, ಬಿಸಿಲಿದ್ದ ಒಣನೆಲಕ್ಕೆ. ಒಂದು ಹುಳವನ್ನೂ ಉಳಿಸಿಕೊಳ್ಳಲಿಲ್ಲ. ಆಮೇಲೆ ಆಯಿಯನ್ನು ಒಳಗೆ ಕರೆದು, "ಇವು ಸಾಯ್ತಾವ ಆಯಿ ಈಗ," ಅಂದೆ.

ಅವಳು ಗಾಜಿಗೆ ಮುಖವಿಟ್ಟು ಬಹಳ ಹೊತ್ತು ನೋಡಿದಳು. ತೊಟ್ಟಿಯ ಫಿಲ್ಟರ್‌ನಿಂದ ನೀರು ಬೀಳುವ ಜಾಗಕ್ಕೆ ಐದೂ ಮೀನು ಎದುರಾಗಿ ನಿಂತಿದ್ದವು.

"ಇವು ಹರಿಯೋ ನೀರಿನ ಮೀನ. ಮಾರಿ ಮುಂದ ಬಂದದ್ದು ತಿಂತಾವ, ಕೆಳಗ ಬಿದ್ದದ್ದು ಮುಟ್ಟಂಗಿಲ್ಲ. ನೀ ಎಲ್ಲಿ ಹಾಕಾಕತ್ತಿದಿ?"

"ಈ ಮೂಲ್ಯಾಗ, ಗಿಡದ ಹತ್ರ."

"ಮತ್ತ ತಳಕ್ಕ ಹೋಗದ ಏನ್ ಮಾಡ್ತದ?"

ಮನೆಗೆ ಹೋಗಿ ಒಂದು ಹಿಡಿ ಒಣ ಸೀಗಡಿ ತಂದಳು. ಉಪ್ಪು ಹೋಗುವಂತೆ ನಾಲ್ಕು ಸಲ ತೊಳೆದು, ಬೆರಳಲ್ಲಿ ಹಿಟ್ಟಿನಂತೆ ತಿಕ್ಕಿ, ನೀರು ಬೀಳುವಲ್ಲೇ ಚಿಟಿಕೆ ಬಿಟ್ಟಳು. ಪುಡಿ ಸೆಳೆತಕ್ಕೆ ಸಿಕ್ಕು ಮೀನಿನ ಮೂಗಿನ ಮುಂದೆಯೇ ತೇಲಿ ಬಂತು. ಮೊದಲ ದಿನ ಒಂದೂ ಬಾಯಿ ತೆಗೆಯಲಿಲ್ಲ. ಎರಡನೆಯ ದಿನ ಒಂದು ತಿಂದು ಉಗುಳಿತು. ಮೂರನೆಯ ದಿನ ಅದೇ ಮೀನು ನುಂಗಿತು, ಉಳಿದವು ಅದನ್ನು ನೋಡಿ ಕಲಿತವು. ಅಂದು ಆಯಿ ನಮ್ಮಲ್ಲೇ ಚಹಾ ಕುಡಿದಳು.

ಮುಂದಿನ ಸಮೀಕ್ಷೆಯ ದಿನ ನಾನು ಚೀಲ ಹೆಗಲಿಗೇರಿಸಿ ಹೊರಟಾಗ ಆಯಿ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಕೈಯ ಟಾರ್ಚ್ ಇಸಿದುಕೊಂಡು ಮೊದಲು ನಮ್ಮ ಮಾಳಿಗೆ ಹತ್ತಿ ಇಳಿದಳು. ಟಾಕಿ, ಕೊಡ, ಹೂಕುಂಡದ ತಟ್ಟೆ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಮೀನಿನ ತೊಟ್ಟಿಗೆ ಬೆಳಕು ಹಿಡಿದು ಒಂದೊಂದಾಗಿ ಎಣಿಸಿದಳು.

"ಐದೂ ಅದಾವ," ಅಂದಳು. ಸೆರಗಿನ ತುದಿಯಿಂದ ಗೋಡೆಯ ಮೇಲಿನ ತನ್ನ ಕತ್ತರಿ ಗುರುತನ್ನು ಒರೆಸಿ ಟಾರ್ಚ್ ನನ್ನ ಕೈಗಿಟ್ಟಳು. "ನಡಿ, ಈಗ ನಮ್ಮನಿ ನೋಡುವಂತಿ."