ಒಂದನೇ ಗುಂಡಿಯ ಹುಳ

ನನ್ನ ಸೋದರಮಾವನನ್ನು ಎಲ್ಲರೂ ಗುಂಡಿ ಮಾವ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಅವನ ಕೆಲಸವೇ ಗುಂಡಿ ತೋಡುವುದು. ಹೊಸ ಬಡಾವಣೆಯ ಬೇಲಿಯಿಂದ ಹಿಡಿದು ನಡುಗಾಡಿನವರೆಗೆ ಆರು ಗುಂಡಿ, ಪ್ರತಿಯೊಂದರಲ್ಲೂ ಒಂದು ಡಬ್ಬಿ, ಅದರ ಮೇಲೆ ಬಟ್ಟೆಯಲ್ಲಿ ಕಟ್ಟಿದ ಸಗಣಿಯುಂಡೆ. ವಾಸನೆ ಹಿಡಿದು ಬಂದ ಸಗಣಿ ಹುಳಗಳು ಡಬ್ಬಿಗೆ ಬೀಳುತ್ತವೆ. ಹುಳಗಳ ಬಗ್ಗೆ ಓದಿಕೊಂಡ ಮೇಡಂ ಮರುದಿನ ಬಂದು ಎಣಿಸಿ ಅಲ್ಲೇ ಬಿಡುತ್ತಾರೆ. ಅವರ ಲೆಕ್ಕವನ್ನು ವರದಿಯಾಗಿ ಟೈಪ್ ಮಾಡುವವಳು ನಾನು. ಮಾವ ನನ್ನ ಮೇಜಿನ ಬಳಿ ಬಂದರೆ ಕಿಟಕಿ ತೆಗೆಯುತ್ತೇನೆ, ಅವನೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಬಡಾವಣೆ ಬಂದ ಮೇಲೆ ಆ ಕಡೆಯ ಪ್ರಾಣಿಗಳು ಜಾಗ ಖಾಲಿ ಮಾಡಿದವು. ಲದ್ದಿಯೇ ಇಲ್ಲದ ಕಡೆ ಹುಳಕ್ಕೇನು ಕೆಲಸ? ಬೇಲಿ ಪಕ್ಕದ ಒಂದನೇ ಗುಂಡಿಯ ಡಬ್ಬಿ ಖಾಲಿಯಾಗಿಯೇ ಇರತೊಡಗಿತು. ಅದನ್ನು ನೋಡಿದಾಗಲೆಲ್ಲ ಮೇಡಂ ಮುಖ ಬಾಡುತ್ತಿತ್ತು, ಮಾವನ ಕರುಳು ಚುರ್ ಎನ್ನುತ್ತಿತ್ತು. ಕೊನೆಗೆ ಈ ಪುಣ್ಯಾತ್ಮ ಏನು ಮಾಡಿದ ಅಂದರೆ, ಮೇಡಂ ಬರುವ ಮೊದಲೇ ನಡುಗಾಡಿನ ಆರನೇ ಡಬ್ಬಿಯಿಂದ ಒಂದು ಹಿಡಿ ಹುಳ ತೆಗೆದು ಒಂದನೇ ಡಬ್ಬಿಗೆ ಹಾಕತೊಡಗಿದ. ಮೇಡಂ ನಕ್ಕರು. ಮಾವನಿಗೆ ಅಷ್ಟೇ ಬೇಕಿತ್ತು.

ಹೋದ ವಾರ ನಾನು ಟೈಪ್ ಮಾಡುತ್ತಿದ್ದ ವರದಿಯನ್ನು ಅವನಿಗೆ ಓದಿ ಹೇಳಿದೆ. ಮನೆಗಳಿಂದ ಹುಳಗಳಿಗೆ ತೊಂದರೆಯಾದಂತಿಲ್ಲ, ನಡುಗಾಡಿನಲ್ಲೇ ಅವು ಕಡಿಮೆಯಾಗುತ್ತಿವೆ ಎಂದಿತ್ತು. ಕಾಡಿನೊಳಗೆ ಎರಡನೇ ಬಡಾವಣೆ ಕಟ್ಟಲು ಬಿಡಬೇಕೋ ಬೇಡವೋ ಎನ್ನುವುದು ಇದರ ಮೇಲೆಯೇ ತೀರ್ಮಾನವಾಗುತ್ತದೆ ಎಂದೂ ಹೇಳಿದೆ. ಮಾವ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ಎಲ್ಲವನ್ನೂ ಒಪ್ಪಿಕೊಂಡ.

"ಹುಳ ಇದ್ರೆ ಕಾಡಿಗೆ ಒಳ್ಳೇದು ಅಂತ ಮೇಡಂ ಅವರೇ ಹೇಳಿದ್ರಲ್ಲೇ. ನಾನು ಹುಳಾನೇ ತಾನೇ ಹಾಕಿದ್ದು? ಕೆಟ್ಟದ್ದು ಹೇಗಾಯ್ತು?"

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಆಮೇಲೆ ಅವನ ಮುಖ ನೋಡಿ ಯೋಚಿಸತೊಡಗಿದೆ. ಹೇಳಿದರೆ ಅವನ ಕೆಲಸ ಹೋಗುತ್ತದೆ, ಹೇಳದಿದ್ದರೆ ಕಾಡು ಹೋಗುತ್ತದೆ. ಬೆಳಿಗ್ಗೆ ಹೇಳಿಬಿಡು ಎಂದವಳೂ ನಾನೇ, ಸಂಜೆ ಬಾಯಿ ಬಿಡಬೇಡ ಎಂದವಳೂ ನಾನೇ. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ.

ಮೂರನೇ ದಿನ ಅವನೇ ಹೋಗಿ ಮೇಡಂಗೆ ಹೇಳಿದ. ಅವರು ಬೈಯಲಿಲ್ಲ. ಅದು ಅವನನ್ನು ಇನ್ನಷ್ಟು ಗೊಂದಲಕ್ಕೆ ದೂಡಿತು. ಪ್ರತಿ ಸಲ ಎಷ್ಟು ಹುಳ ಎಂದು ಕೇಳಿದರು. ಕೈಗೆ ಸಿಕ್ಕಷ್ಟು ಎಂದ. ಯಾವಾಗಿನಿಂದ? ನೆನಪಿಲ್ಲ. ಅವರು ನನ್ನ ಮೇಜಿನ ಮೇಲಿದ್ದ ವರದಿಯನ್ನು ಎತ್ತಿಕೊಂಡು ಹರಿದು ಹಾಕಿದರು. ಗುಂಡಿ ನೀವೇ ತೋಡಿ, ಡಬ್ಬಿ ಮಾತ್ರ ಮುಟ್ಟಬೇಡಿ, ಮೊದಲಿನಿಂದ ಎಣಿಸೋಣ ಎಂದರು.

ಇವತ್ತು ಹೊಸ ಎಣಿಕೆಯ ಮೊದಲ ದಿನ. ಒಂದನೇ ಡಬ್ಬಿಯಲ್ಲಿ ಒಂದೇ ಒಂದು ಹುಳವಿತ್ತಂತೆ. ಮೇಡಂ ಮಾವನ ಮುಖ ನೋಡಿದರಂತೆ. ಮುಟ್ಟಿಲ್ಲ ಎಂದು ಇವನು ಕೈ ಮುಗಿದನಂತೆ.

"ಈಗ ಹಾಕಿಲ್ಲ, ನಂಬ್ತೀನಿ," ಎಂದರಂತೆ ಅವರು. "ಆದ್ರೆ ಇದು ಇಲ್ಲೇ ಉಳಿದಿದ್ದ ಹುಳಾನೋ, ನೀವು ಆಗ ತಂದಿದ್ದೋ?"

ಮಾವ ಅದನ್ನೇ ಈಗ ನನ್ನನ್ನು ಕೇಳುತ್ತಿದ್ದಾನೆ. ಮೇಡಂ ಪುಸ್ತಕದಲ್ಲಿ ಒಂದನೇ ಗುಂಡಿಯ ಎದುರು ಅಂಕಿಯೇ ಇಲ್ಲ, ಪ್ರಶ್ನೆ ಚಿಹ್ನೆ ಇದೆ. ನಾನು ಅದನ್ನೇ ಟೈಪ್ ಮಾಡಿದೆ.