ಎಣ್ಣೆ ಇಡದ ವರ್ಷದ ಕರ್ಚಿಕಾಯಿ

ಅಜ್ಜಿ ತೀರಿಕೊಂಡ ವರ್ಷದ ಕ್ರಿಸ್‌ಮಸ್ ಅದು. ನಾನಾಗ ಆರನೇ ಕ್ಲಾಸು. ನಾವು ಗದಗ ಕಡೆಯ ಕ್ರೈಸ್ತರು. ಅಪ್ಪನಿಗೆ ರೈಲ್ವೆ ಕೆಲಸ, ಹಾಗಾಗಿ ಕೋಲ್ಕತ್ತಾದ ಟಾಲಿಗಂಜ್‌ನಲ್ಲಿ ಮೂರನೇ ಮಹಡಿಯ ಮನೆ. ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ-ಗಿವ್ವ ನಂಬುವವಳಲ್ಲ. ಯಾರಾದರೂ ಅಂಥ ಕಥೆ ಶುರುಮಾಡಿದರೆ ಎದ್ದು ಹೋಗುವ ಪೈಕಿ. ಇದೊಂದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಅಂದರೆ ಕರ್ಚಿಕಾಯಿ. ಕೇಕು ಪೇಟೆಯಿಂದ ಬಂದರೂ ನಡೆಯುತ್ತಿತ್ತು, ಕರ್ಚಿಕಾಯಿ ಮನೆಯಲ್ಲೇ ಆಗಬೇಕು. ಹಬ್ಬದ ಹಿಂದಿನ ದಿನ ಅಡುಗೆಮನೆಯ ನೆಲಕ್ಕೆ ಹಳೇ ಪೇಪರ್ ಹಾಸಿ ಕೂರುತ್ತಿದ್ದೆವು. ಅವ್ವ ಲಟ್ಟಿಸುವುದು, ನಾನು ಹೂರಣ ತುಂಬುವುದು, ಅಜ್ಜಿ, ಅವ್ವ ಇಬ್ಬರೂ ಅಂಚು ಮಡಿಚುವುದು. ಹೂರಣಕ್ಕೆ ಇಲ್ಲಿ ಚಳಿಗಾಲದಲ್ಲಿ ಸಿಗುವ ಖರ್ಜೂರದ ಬೆಲ್ಲ. "ಈ ಊರಾಗ ಇದೊಂದ ಚಲೋ ಐತಿ ನೋಡ," ಎನ್ನುತ್ತಾ ಅಜ್ಜಿ ಅರ್ಧ ಬೆಲ್ಲ ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಅಜ್ಜಿ ಎಡಚಿ. ಅವಳು ಮಡಿಚಿದ ನಿರಿಗೆ ಎಡಕ್ಕೆ ವಾಲುತ್ತಿತ್ತು, ಅವ್ವನದು ಬಲಕ್ಕೆ. ಮುಟ್ಟಿ ನೋಡಿದರೆ ಕುರುಡರೂ ಯಾವುದು ಯಾರದೆಂದು ಹೇಳಬಹುದಿತ್ತು. ಅಪರೂಪಕ್ಕೆ ನಾನು ಮಡಿಚಿದರೆ ಎಣ್ಣೆಗೆ ಬಿದ್ದದ್ದೇ ಬಾಯಿ ಬಿಡುತ್ತಿತ್ತು. "ಗುಬ್ಬವ್ವನ ಕರ್ಚಿಕಾಯಿ ಗುಬ್ಬವ್ವನಂಗ, ಬಾಯಿ ಮುಚ್ಚಂಗಿಲ್ಲ," ಎಂದು ಅಜ್ಜಿ ನಗುತ್ತಿದ್ದಳು. ನನ್ನ ಹೆಸರು ಗ್ರೇಸಿ. ಗುಬ್ಬವ್ವ ಎಂದು ಕರೆಯುತ್ತಿದ್ದವಳು ಅಜ್ಜಿ ಒಬ್ಬಳೇ.

ಆ ವರ್ಷ ಹಬ್ಬಕ್ಕೆ ಗದಗಿಗೇ ಹೋಗಬೇಕೆಂದು ಅಜ್ಜಿ ಹಟ ಹಿಡಿದಳು. ನನ್ನ ಪರೀಕ್ಷೆ, ದೂರದ ರೈಲು, ಅವಳ ಕೆಮ್ಮು ಎಲ್ಲ ನೋಡಿ ಅವ್ವ ಬೇಡವೆಂದಳು.

"ಮುಂದಿನ ವರ್ಷ ಹೋಗೋಣ್ರಿ, ಅತ್ತಿ."

"ಮುಂದಿನ ವರ್ಷ ಯಾರ ಕಂಡಾರ?"

ಅಷ್ಟೇ. ಅಂದಿನಿಂದ ಅಜ್ಜಿ ಸೊಸೆಯ ಜೊತೆ ಮಾತು ಬಿಟ್ಟಳು. ನೀರು ಬೇಕಾದರೂ ನನ್ನ ಕೈಲೇ ಹೇಳಿಸುವುದು: "ನಿಮ್ಮವ್ವಗ ಹೇಳ..." ದೀಪಾವಳಿ ಹೊತ್ತಿಗೆ ಇಲ್ಲಿ ನಡೆಯುವ ಕಾಳಿಪೂಜೆಯ ಪಟಾಕಿ ಸದ್ದು ಮುಗಿಯುವಷ್ಟರಲ್ಲಿ ಜ್ವರ ಬಂತು. ಮಾತಾಡದೆಯೇ ಹೋಗಿಬಿಟ್ಟಳು.

ಅಜ್ಜಿಯನ್ನು ಮಣ್ಣಿಗಿಡುವ ದಿನವೂ ಅವ್ವ ಅಳಲಿಲ್ಲ. ಊಟ ಬಿಟ್ಟಳು, ನಿದ್ದೆ ಬಿಟ್ಟಳು. "ಅತ್ತಿ ಸಿಟ್ಟಿನಾಗ ಹೋದ್ರು," ಅದೊಂದೇ ಮಾತು. ಸೊರಗಿ ಕಡ್ಡಿಯಾಗಿದ್ದಳು. ಇವಳೂ ನಮ್ಮನ್ನು ಬಿಟ್ಟು ಹೋಗುತ್ತಾಳೇನೋ ಎಂದು ನನಗೆ ಜೀವ ಕೈಯಲ್ಲಿ ಹಿಡಿದಂತಾಗಿತ್ತು.

ಸಾವಾದ ಮನೆಯಲ್ಲಿ ಆ ವರ್ಷ ಎಣ್ಣೆ ಇಡಬಾರದೆಂದು ನಮ್ಮಲ್ಲಿ ರೂಢಿ. ಕರಿದ ತಿಂಡಿ ಏನಿದ್ದರೂ ನೆಂಟರ ಮನೆಯಿಂದ ಬರಬೇಕು. ಇಲ್ಲಿ ನೆಂಟರು ಎಲ್ಲಿಂದ ಬರಬೇಕು? ಕೊನೆಗೆ ಅಪ್ಪನೇ ಸಿಡುಕಿದ.

"ಹಾಡಾಕ ಬಂದ ಚರ್ಚಿನ ಮಂದಿಗೆ ಅಂಗಡಿ ಬಿಸ್ಕಿಟ್ ಕೊಡೂದೇನ? ನಮ್ಮವ್ವ ಇದ್ದಿದ್ರ ಒಪ್ತಿದ್ಲೇನ?"

ಅವ್ವ ಹಬ್ಬದ ಹಿಂದಿನ ದಿನ ಸುಮ್ಮನೆ ಹಿಟ್ಟು ನಾದಿದಳು.

ಮಧ್ಯಾಹ್ನ ಅಪ್ಪ ಕೇಕ್ ತರಲು ಎಸ್ಪ್ಲನೇಡ್ ಪೇಟೆ ಕಡೆ ಹೋದ. ನಾನು ಬಾಲ್ಕನಿಯಲ್ಲಿ ಕಾಗದದ ನಕ್ಷತ್ರ ಕಟ್ಟುತ್ತಿದ್ದೆ. ಹೊರಗೆ ಹೊಗೆಮಂಜು, ಎದುರಿನ ಕಟ್ಟಡವೂ ಅರ್ಧ ಕಾಣುತ್ತಿರಲಿಲ್ಲ. ಆಗ ಅಡುಗೆಮನೆಯಿಂದ ಹಾಡು ಕೇಳಿಸಿತು. ಅಜ್ಜಿ ಗುನುಗುತ್ತಿದ್ದ ಕನ್ನಡ ಕೀರ್ತನೆ. ನಮ್ಮವ್ವ ಚರ್ಚಿನಲ್ಲೂ ತುಟಿ ಅಲ್ಲಾಡಿಸುವವಳಲ್ಲ. ಪರವಾಗಿಲ್ಲವೇ, ಅವ್ವ ಹಾಡುತ್ತಿದ್ದಾಳಲ್ಲ ಎಂದು ಖುಷಿಯಾಗಿ ಓಡಿದೆ.

ಬಾಗಿಲಲ್ಲೇ ನಿಂತುಬಿಟ್ಟೆ. ಅವ್ವ ಅಜ್ಜಿಯ ಜಾಗದಲ್ಲಿ ಗೋಡೆಗೆ ಒರಗಿ, ಅಜ್ಜಿ ಮಂಡಿನೋವಿಗೆ ಚಾಚುತ್ತಿದ್ದ ಹಾಗೆ ಒಂದು ಕಾಲು ಚಾಚಿ ಕೂತಿದ್ದಳು. ಎಡಗೈಯಲ್ಲಿ ಅಂಚು ಮಡಿಚುತ್ತಿದ್ದಳು. ಕಣ್ಣು ಕೈಯ ಮೇಲಿರಲಿಲ್ಲ, ಬೆರಳು ಮಾತ್ರ ಸರಸರ ಓಡುತ್ತಿತ್ತು. ನನ್ನನ್ನು ನೋಡಿ ನಕ್ಕಳು.

"ಸುಮ್ನ ನಿಂತೀ ಯಾಕ ಗುಬ್ಬವ್ವಾ? ಬಾ ಇಲ್ಲೆ."

ಅಯ್ಯೋ ದೇವರೇ! ಕಾಲು ಕಿತ್ತು ಇಡಲೂ ಆಗಲಿಲ್ಲ.

"ನಿಮ್ಮವ್ವಗ ಹೇಳ, ನನಗ ಸಿಟ್ಟಿಲ್ಲ ಅಂತ," ಎಂದು ಮತ್ತೊಂದನ್ನು ಕೈಗೆತ್ತಿಕೊಂಡಳು.

ಬಾಲ್ಕನಿಗೆ ಓಡಿ ಕಂಬಿ ಹಿಡಿದು ನಿಂತೆ. ಎಷ್ಟು ಹೊತ್ತಾಯಿತೋ, ಒಳಗಿಂದ ಅವ್ವ ಎಂದಿನಂತೆ ಕೂಗಿದಳು.

"ಗ್ರೇಸೀ, ಇವನ್ನ ಯಾರ ಮಡಚ್ಯಾರ? ನೀ ಏನರೆ ಮುಟ್ಟಿದೇನ?"

ಹೋಗಿ ನೋಡಿದರೆ ಅವ್ವ ತಟ್ಟೆಯ ಮುಂದೆ ಬೆಪ್ಪಾಗಿ ನಿಂತಿದ್ದಳು. ಒದ್ದೆ ಬಟ್ಟೆಯ ಕೆಳಗೆ ಒಂದು ಸಾಲು ಬಲಕ್ಕೆ ವಾಲಿತ್ತು, ಉಳಿದದ್ದೆಲ್ಲ ಎಡಕ್ಕೆ. ನಾನು ಅಳುತ್ತಾ, ಅರ್ಧ ಶಾಲೆಯ ಹಿಂದಿ ಅರ್ಧ ಕನ್ನಡದಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ, ಹುಚ್ಚು ಹುಡುಗಿ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಯಾವ ದನಿಯಾಗ ಹೇಳಿದ್ರು?"

"ನಿನ್ನ ದನಿಯಾಗ, ಅವ್ವಾ."

ಅವ್ವ ತನ್ನ ಎಡಗೈ ನೋಡಿಕೊಂಡಳು. "ಅತ್ತೀ..." ಎಂದು ಅಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತಳು. ಅಜ್ಜಿ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಆ ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದವಳನ್ನು ಬೆಳಗಿನ ಆರಾಧನೆಗೆ ನಾವೇ ಎಬ್ಬಿಸಬೇಕಾಯಿತು.

ದುಃಖಕ್ಕೆ ಮನುಷ್ಯರು ಏನೇನೋ ಮಾಡುತ್ತಾರೆ, ಮನಸ್ಸೇ ಹಾಗೆ ಆಡಿಸುತ್ತದೆ ಎಂದು ಅಪ್ಪ ಆಮೇಲೆ ವಿವರಿಸಿದ. ಇದ್ದೀತು. ಅದಾದ ಮೇಲೆ ಅವ್ವ ಎಷ್ಟೋ ಸಲ ಎಡಗೈಯಲ್ಲಿ ಮಡಿಚಿ ನೋಡಿದ್ದಾಳೆ, ಒಂದರ ಅಂಚೂ ಕೂಡಿಲ್ಲ. ಅದನ್ನೂ ಬಿಡಿ. ನನ್ನನ್ನು ಇವತ್ತಿಗೂ ಕಾಡುವುದು ಬೇರೆ. ನೆಲದ ಮೇಲೆ ಅಳುತ್ತಿದ್ದವಳು ನನ್ನ ಕಡೆ ಎರಡೂ ಕೈ ಚಾಚಿದಾಗ ನಾನು ಒಂದು ಗಳಿಗೆ ಹಿಂಜರಿದೆ. ಯಾರನ್ನು ತಬ್ಬಿಕೊಳ್ಳುತ್ತಿದ್ದೇನೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಹೆದರಿಕೊಂಡೇ ಹೋಗಿ ತಬ್ಬಿಕೊಂಡೆ.